ಎವಿ ಸಾಕೆಟ್ ಇಲ್ಲದ ಹಳೇ ಟಿವಿಯನ್ನು ಬಿಚ್ಚಿಸಿ ವೈರ್ ಹಾಕಿಸಬೇಡಿ

ಪೂರ್ತಿ ಓದಲು ಟೈಮ್ ಇಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮನೆಯ ಡಬ್ಬಿ ಟಿವಿಯ ಹಿಂದೆ ಹೊರಗಿನ ಬಾಕ್ಸಿನಿಂದ ಚಿತ್ರ, ಧ್ವನಿ ತಗೊಳ್ಳುವ ಹಳದಿ, ಬಿಳಿ, ಕೆಂಪು ಎವಿ ಸಾಕೆಟ್ ಇಲ್ಲದೆ ಬರೀ ಆಂಟೆನಾ ಸಾಕೆಟ್ ಇದ್ದರೆ, "ಒಳಗಿಂದ ಎರಡು ವೈರ್ ತೆಗೆದುಕೊಡ್ತೀನಿ" ಅನ್ನುವವರಿಗೆ ಟಿವಿ ಮುಟ್ಟಲು ಬಿಡಬೇಡಿ. ನಾನು ಬಿಟ್ಟೆ. ನನಗೆ ಶಾಕ್ ಹೊಡೆಯಿತು, ಲ್ಯಾಪ್‌ಟಾಪ್ ಕೆಟ್ಟಿತು, ಟಿವಿಯೂ ಮಲಗಿತು.

ನಮ್ಮದು ಧಾರವಾಡದ ಮಾಳಮಡ್ಡಿ ಕಡೆಯ ಹೆಂಚಿನ ಮನೆ. ಟಿವಿ 1991ರಲ್ಲಿ ಅಪ್ಪ ಕಂತಿನ ಮೇಲೆ ತಂದ 20 ಇಂಚಿನ ಕಲರ್ ಸೆಟ್. ಮುಂದೆ ಎಂಟು ಬಟನ್, ಚಾನೆಲ್ ಕೂರಿಸಲು ಮುಚ್ಚಳದೊಳಗೆ ಪುಟ್ಟ ಪುಟ್ಟ ತಿರುಪು. ಇದನ್ನು ಬದಲಿಸೋಣ ಅಂದರೆ ಅಪ್ಪ ಮಾತು ಬದಲಿಸುತ್ತಾರೆ. ಕಳೆದ ಮಳೆಗಾಲದಲ್ಲಿ ಅವರ ಗೆಳೆಯರೊಬ್ಬರು ಪೆನ್‌ಡ್ರೈವ್ ಕೊಟ್ಟರು. ಅದರ ತುಂಬಾ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಕಛೇರಿಗಳ ವಿಡಿಯೋ. ನನ್ನ ಫೋನಿನಲ್ಲಿ ತೋರಿಸಿದೆ. "ಇಷ್ಟಗಲದಾಗ ಮನ್ಸೂರರು ಹೆಂಗ ಕೂಡ್ತಾರಪಾ?" ಅಂದರು. ಅವರ ಟಿವಿಯಲ್ಲೇ ನೋಡಬೇಕಂತೆ.

ಹುಬ್ಬಳ್ಳಿಗೆ ಹೋಗಿ ಒಂದು ಮೀಡಿಯಾ ಪ್ಲೇಯರ್ ಬಾಕ್ಸ್ ತಂದೆ. ಪೆನ್‌ಡ್ರೈವ್ ಹಾಕಿದರೆ ಸಾಕು, ಏನು ಬೇಕಾದರೂ ಓಡಿಸುತ್ತದೆ. ಆದರೆ ಹೊರಗೆ ಬರುವುದು ಹೊಸ ಟಿವಿಗಳಿಗೆ ಹಾಕುವ ಎಚ್‌ಡಿಎಂಐ ಒಂದೇ. ಇಲ್ಲಿಂದ ನನ್ನ ದಡ್ಡತನದ ಸರಣಿ ಶುರು.

ಮೊದಲು ಒಂದು ತುದಿಯಲ್ಲಿ ಎಚ್‌ಡಿಎಂಐ, ಇನ್ನೊಂದು ತುದಿಯಲ್ಲಿ ಮೂರು ಬಣ್ಣದ ಪಿನ್ ಇರುವ ಕೇಬಲ್ ತಂದೆ. ಅದು ಸುಮ್ನೆ ದುಡ್ಡು ದಂಡ. ಎಚ್‌ಡಿಎಂಐನಲ್ಲಿ ಬರುವುದು ಡಿಜಿಟಲ್ ಸಿಗ್ನಲ್, ಹಳೇ ಟಿವಿಗೆ ಬೇಕಾದದ್ದು ಅನಲಾಗ್. ನಡುವೆ ಅದನ್ನು ಬದಲಿಸುವ ಚಿಪ್ ಇಲ್ಲದೆ ಬರೀ ತಾಮ್ರದ ತಂತಿ ಏನು ಮಾಡೀತು? ಆಮೇಲೆ ಕನ್ವರ್ಟರ್ ತಂದೆ, ಅದೂ ಉಲ್ಟಾ. ಎವಿಯಿಂದ ಎಚ್‌ಡಿಎಂಐಗೆ ಹೋಗುವುದು ಮತ್ತು ಎಚ್‌ಡಿಎಂಐನಿಂದ ಎವಿಗೆ ಬರುವುದು, ಎರಡೂ ಒಂದೇ ಅಳತೆಯ ಡಬ್ಬಿ. ಮೇಲೆ ಬರೆದ ಅಕ್ಷರ ಬಿಟ್ಟರೆ ಜೋಡಿ ಮಕ್ಕಳ ಹಾಗೆ. ಎರಡನೇ ಸಲ ಓದಿ, ಕೇಳಿ, ಸರಿಯಾದದ್ದು ತಂದೆ. ಮನೆಗೆ ಬಂದು ಟಿವಿಯ ಹಿಂದೆ ಬಗ್ಗಿದೆ. ಹಳದಿ ಪಿನ್ ಚುಚ್ಚಲು ಜಾಗವೇ ಇಲ್ಲ! ಇಷ್ಟೆಲ್ಲ ಓಡಾಡಿದವನು ಅಲ್ಲಿಯವರೆಗೆ ಟಿವಿಯ ಬೆನ್ನು ನೋಡಿರಲಿಲ್ಲ. ಇದ್ದದ್ದು ಒಂದೇ ಆಂಟೆನಾ ಸಾಕೆಟ್. ಅದಕ್ಕೆ ಸೆಟ್ ಟಾಪ್ ಬಾಕ್ಸಿನಿಂದ, ಧೂಳು ಮೆತ್ತಿದ ಒಂದು ಕಪ್ಪು ಡಬ್ಬಿಯ ಮೂಲಕ ಕೇಬಲ್ ಬಂದಿತ್ತು. ಈ ಕಪ್ಪು ಡಬ್ಬಿಯನ್ನು ನೆನಪಿಡಿ.

ಪರಿಚಯದವರು ಒಬ್ಬ ಮೆಕ್ಯಾನಿಕ್‌ನನ್ನು ಕಳಿಸಿದರು. ಹುಡುಗ ಚುರುಕು. ಹಿಂಬದಿ ಬಿಚ್ಚಿ ಹತ್ತು ನಿಮಿಷ ಒಳಗೆಲ್ಲ ಹುಡುಕಾಡಿದ. "ಏನೂ ಆಗಂಗಿಲ್ರಿ, ವಿಡಿಯೋ ಪಾಯಿಂಟ್ ಸಿಕ್ತು. ಇಲ್ಲಿಂದ ಒಂದು, ಗ್ರೌಂಡಿಂದ ಒಂದು ವೈರ್ ಹೊರಗ ತಗದ್ರ ಮುಗೀತು." ಬೆಸುಗೆ ಹಾಕಿ, ಗಾಳಿ ಹೋಗುವ ಕಿಂಡಿಯಿಂದ ವೈರ್ ಎಳೆದು, ತುದಿಗೆ ಹಳದಿ ಸಾಕೆಟ್ ಕಟ್ಟಿದ. ಧ್ವನಿಗೆ ಹಾಗೇ ಇನ್ನೊಂದು. ಮೊದಲು ಚಿತ್ರ ಕಪ್ಪು ಬಿಳುಪಾಗಿ, ಮೇಲಿಂದ ಕೆಳಗೆ ಉರುಳುತ್ತಾ ಬಂತು. ಅದಕ್ಕೆ ಹೆದರುವ ಕಾರಣವಿಲ್ಲ. ಕನ್ವರ್ಟರಿನ ಬದಿಯಲ್ಲಿ ಪಾಲ್, ಎನ್‌ಟಿಎಸ್‌ಸಿ ಅಂತ ಒಂದು ಸ್ವಿಚ್ ಇರುತ್ತದೆ. ಅವು ಬೇರೆ ಬೇರೆ ದೇಶಗಳ ಟಿವಿ ಸಿಗ್ನಲ್ ಪದ್ಧತಿಗಳು. ನಮ್ಮ ದೇಶದ್ದು ಪಾಲ್. ಅಲ್ಲಿಗೆ ತಳ್ಳಿದ ತಕ್ಷಣ ಬಣ್ಣ ಬಂತು, ಮನ್ಸೂರರೂ ಬಂದರು. ಸ್ವಲ್ಪ ಸಪೂರವಾಗಿದ್ದರು ಅಷ್ಟೇ. ಅಗಲದ ಚಿತ್ರವನ್ನು 4:3 ಪರದೆಯೊಳಗೆ ಹಿಂಡಿದರೆ ಹಾಗೇ ಆಗುತ್ತದೆ. ಬಾಕ್ಸಿನ ಸೆಟ್ಟಿಂಗ್‌ನಲ್ಲಿ ಅದನ್ನೂ ಸರಿ ಮಾಡಿದೆ. ಅಪ್ಪನ ಮುಖ ನೋಡಿ ಹುಡುಗನಿಗೆ ಕೇಳಿದ್ದಕ್ಕಿಂತ ಐವತ್ತು ರೂಪಾಯಿ ಜಾಸ್ತಿಯೇ ಕೊಟ್ಟೆ.

ಮರುದಿನ ಬೆಳಿಗ್ಗೆ ನೆಲ ಒರೆಸಿದ್ದರು. ಫರಸಿ ಕಲ್ಲು ಇನ್ನೂ ಹಸಿಯಾಗಿತ್ತು, ನಾನು ಬರಿಗಾಲಲ್ಲಿ ಇದ್ದೆ. ಟಿವಿ ಓಡುತ್ತಿತ್ತು. ಪೆನ್‌ಡ್ರೈವ್ ಬದಲಿಸೋಣ ಅಂತ ಕೈ ಹಾಕಿದೆ. ಸ್ಟೀಲಿನ ಮೈಯ ಪೆನ್‌ಡ್ರೈವ್ ಅದು. ಮೊಣಕೈವರೆಗೆ ಯಾರೋ ಹಿಡಿದು ಜಾಡಿಸಿದ ಹಾಗಾಯಿತು. ಕೈ ತಾನಾಗಿ ಹಿಂದಕ್ಕೆ ಹೋಗಿ ಗೋಡೆಗೆ ಬಡಿಯಿತು. ಬೆರಳು ಹಿಡಿದುಕೊಂಡಿದ್ದರೆ ಏನಾಗುತ್ತಿತ್ತು ಅಂತ ಯೋಚನೆ ಬಂದದ್ದು ಸಂಜೆ, ಚಹಾ ಕುಡಿಯುವಾಗ.

ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. "ನಿಮ್ಮ ಮನ್ಯಾಗ ಅರ್ಥಿಂಗ್ ಸರಿ ಇಲ್ರಿ. ಚಪ್ಪಲಿ ಹಾಕ್ಕೊಂಡು ಮುಟ್ರಿ" ಅಂದ. ಹಳೇ ಮನೆ, ಅರ್ಥಿಂಗ್ ಮೇಲೆ ನನಗೂ ಅನುಮಾನವಿತ್ತು. ಎರಡು ಪಿನ್ನಿನ ಅಡಾಪ್ಟರ್ ಇರುವ ಸಾಮಾನು ಕೆಲವೊಮ್ಮೆ ಮುಟ್ಟಿದರೆ ಜುಂ ಅನ್ನುವುದೂ ನಿಜ. ಆದರೆ ಜುಂ ಅನ್ನುವುದು ಬೇರೆ, ಎತ್ತಿ ಒಗೆಯುವುದು ಬೇರೆ. ಆ ವ್ಯತ್ಯಾಸಕ್ಕೆ ನಾನು ಬೆಲೆ ಕೊಡಲಿಲ್ಲ.

ಬಾಕ್ಸಿನ ಅಡಾಪ್ಟರೇ ಕೆಟ್ಟಿರಬೇಕು ಅಂದುಕೊಂಡೆ. ಪರೀಕ್ಷೆ ಮಾಡಲು ಬಾಕ್ಸ್ ತೆಗೆದು, ಕನ್ವರ್ಟರಿಗೆ ನನ್ನ ಲ್ಯಾಪ್‌ಟಾಪ್ ಜೋಡಿಸಲು ಹೋದೆ. ಲ್ಯಾಪ್‌ಟಾಪಿನ ಚಾರ್ಜರ್ ಮೂರು ಪಿನ್ನಿಂದು, ಗೋಡೆಗೆ ಹಾಕಿತ್ತು. ಟಿವಿ ಆನ್ ಇತ್ತು. ಎಚ್‌ಡಿಎಂಐ ಪಿನ್ನು ಸಾಕೆಟ್ಟಿನ ಅಂಚಿಗೆ ತಾಗಿತಷ್ಟೇ, ಇನ್ನೂ ಒಳಗೆ ಹೋಗಿರಲಿಲ್ಲ. ಟಪ್ ಅಂತ ನೀಲಿ ಕಿಡಿ. ಟಿವಿ ಆಫ್. ಕನ್ವರ್ಟರಿನಿಂದ ಸುಟ್ಟ ವಾಸನೆ. ಲ್ಯಾಪ್‌ಟಾಪ್ ಅವತ್ತು ಮಲಗಿದ್ದು, ಬೋರ್ಡ್ ರಿಪೇರಿಗೆ 6,500 ರೂಪಾಯಿ ತಿಂದು ಎದ್ದಿತು. ಅದರ ಎಚ್‌ಡಿಎಂಐ ಪೋರ್ಟ್ ಮಾತ್ರ ಇವತ್ತಿಗೂ ಸತ್ತೇ ಇದೆ. ಅರ್ಥಿಂಗ್ ಸರಿ ಇಲ್ಲ ಅಂದಿದ್ದ ಅಲ್ವಾ? ಸರಿಯಾಗಿಯೇ ಇತ್ತು. ಅದಕ್ಕೇ ಹಾಗೆ ಸಿಡಿದದ್ದು.

ಇದೆಲ್ಲ ಅರ್ಥವಾದದ್ದು ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ. ಡಬ್ಬಿ ಟಿವಿಗಳ ಕಾಲದಿಂದ ಕೆಲಸ ಮಾಡಿದ ಹಿರಿಯರು. ಅವರು ಟಿವಿಯನ್ನು ನೇರವಾಗಿ ಕರೆಂಟಿಗೆ ಹಾಕಲಿಲ್ಲ. ನಡುವೆ ಸೀರೀಸ್‌ನಲ್ಲಿ, ಅಂದರೆ ಕರೆಂಟು ಅದರ ಮೂಲಕವೇ ಟಿವಿಗೆ ಹೋಗುವ ಹಾಗೆ, ಹಳೇ ಕಾಲದ 100 ವ್ಯಾಟಿನ ಗಾಜಿನ ಬಲ್ಬ್ ಇಟ್ಟರು. ಸ್ವಿಚ್ ಹಾಕಿದರೆ ಬಲ್ಬ್ ಪೂರ್ತಿ ಹೊತ್ತಿ ಹಾಗೇ ನಿಂತಿತು. "ಒಳಗ ಶಾರ್ಟ್ ಐತಿ" ಅಂದರು. ಡಯೋಡ್, ಫ್ಯೂಸ್ ಬದಲಿಸಿ ಮತ್ತೆ ಹಾಕಿದಾಗ ಬಲ್ಬ್ ಒಂದು ಕ್ಷಣ ಝಗ್ ಅಂದು ಮೆಲ್ಲಗೆ ಮಂಕಾಯಿತು. ಆಮೇಲೆ ಆ ಹುಡುಗ ಹೊರಗೆ ತಂದಿದ್ದ ಹಳದಿ ಸಾಕೆಟ್ಟಿನ ಲೋಹದ ಬಳೆಗೆ ಟೆಸ್ಟರ್ ಮುಟ್ಟಿಸಿದರು. ಟೆಸ್ಟರ್ ಕೆಂಪಗೆ ಹೊತ್ತಿತು. ಪ್ಲಗ್ ತಿರುಗಿಸಿ ಹಾಕಿದರು. ಆಗಲೂ ಹೊತ್ತಿತು.

ಇದಕ್ಕೆ ಅವರು ಹಾಟ್ ಚಾಸಿ ಅನ್ನುತ್ತಾರೆ. ಆಗಿನ ಎಷ್ಟೋ ಟಿವಿಗಳಲ್ಲಿ ಮನೆಯ 230 ವೋಲ್ಟ್ ಕರೆಂಟನ್ನು ಬೇರೆ ಮಾಡುವ ಟ್ರಾನ್ಸ್‌ಫಾರ್ಮರ್ ಇಲ್ಲ. ಖರ್ಚು ಉಳಿಸಲು ಕರೆಂಟು ನೇರವಾಗಿ ನಾಲ್ಕು ಡಯೋಡಿಗೆ ಹೋಗುತ್ತದೆ, ಅದರ ನೆಗೆಟಿವ್ವೇ ಇಡೀ ಬೋರ್ಡಿನ ಗ್ರೌಂಡ್. ಹೆಸರು ಗ್ರೌಂಡ್ ಆದರೂ ಅದು ಮನೆಯ ಅರ್ಥಿಂಗ್ ಅಲ್ಲ. ಪ್ಲಗ್ ಹೇಗೇ ಹಾಕಿ, ಆ ಗ್ರೌಂಡ್ ಸೆಕೆಂಡಿಗೆ 50 ಸಲ ಫೇಸ್‌ಗೆ ಹೋಗಿ ಬರುತ್ತಿರುತ್ತದೆ. ಟಿವಿ ಮುಚ್ಚಿದ್ದಾಗ ತೊಂದರೆ ಇಲ್ಲ. ಮೈ ಪ್ಲಾಸ್ಟಿಕ್, ಗುಂಡಿ ಪ್ಲಾಸ್ಟಿಕ್, ಆಂಟೆನಾ ಸಾಕೆಟ್ಟಿಗೆ ಒಳಗಡೆ ಸಣ್ಣ ಕೆಪಾಸಿಟರ್‌ಗಳ ಕಾವಲು. ಯಾವಾಗ ಗ್ರೌಂಡಿನಿಂದ ವೈರ್ ಹೊರಗೆ ಬಂತೋ, ಬಾಕ್ಸಿನಿಂದ ಹಿಡಿದು ಪೆನ್‌ಡ್ರೈವ್‌ವರೆಗೆ ಎಲ್ಲದಕ್ಕೂ ಕರೆಂಟ್ ಬಂತು. ದಾರಿ ಸಿಕ್ಕರೆ ಅದು ಭೂಮಿಗೆ ಹೋಗುತ್ತದೆ. ಮೊದಲ ಸಲ ಆ ದಾರಿ ನಾನು, ಎರಡನೇ ಸಲ ಲ್ಯಾಪ್‌ಟಾಪ್ ಚಾರ್ಜರಿನ ಮೂರನೇ ಪಿನ್ನು, ಅಂದರೆ ಅರ್ಥಿಂಗ್ ಪಿನ್ನು. ಕಂಪನಿಯೇ ಎವಿ ಸಾಕೆಟ್ ಕೊಟ್ಟ ಟಿವಿಗಳಲ್ಲಿ ಈ ಭಾಗವನ್ನು ಕರೆಂಟಿನಿಂದ ಬೇರೆ ಮಾಡಿರುತ್ತಾರೆ. ಅಂಥದ್ದಿದ್ದರೆ ಕನ್ವರ್ಟರ್ ಹಾಕಿ ನಿಶ್ಚಿಂತೆಯಿಂದ ನೋಡಿ.

ನೀವೇ ಬಿಚ್ಚಿ ನೋಡುವ ಆಸೆಯೂ ಬೇಡ. ಪಿಕ್ಚರ್ ಟ್ಯೂಬಿಗೆ 20,000 ವೋಲ್ಟಿಗೂ ಮೇಲೆ ಬೇಕು. ಪ್ಲಗ್ ತೆಗೆದ ಮೇಲೂ ಅದು ಟ್ಯೂಬಿನಲ್ಲಿ ಉಳಿದಿರಬಹುದು.

ಹಿರಿಯರು ಆ ವೈರುಗಳನ್ನು ಕಿತ್ತು, ಟಿವಿ ಮುಚ್ಚಿ, ಕೇಳಿದರು: "ಸೆಟ್ ಟಾಪ್ ಬಾಕ್ಸ್ ಇದಕ್ಕ ಹೆಂಗ ಹಚ್ಚೀರಿ?" ಕಪ್ಪು ಡಬ್ಬಿಯ ವಿಷಯ ಹೇಳಿದೆ. ನಕ್ಕರು. ಅದು ಆರ್‌ಎಫ್ ಮಾಡ್ಯುಲೇಟರ್. ಹಳದಿ, ಬಿಳಿ ಪಿನ್ನಿನಿಂದ ಬಂದದ್ದನ್ನು ಒಂದು ಚಾನೆಲ್ ಮಾಡಿ ಆಂಟೆನಾ ಸಾಕೆಟ್ಟಿಗೆ ಕೊಡುವುದೇ ಅದರ ಕೆಲಸ. ನನಗೆ ಬೇಕಾದದ್ದು ನಮ್ಮ ಗೋಡೆಯ ಮೊಳೆಗೆ ವರ್ಷಗಟ್ಟಲೆಯಿಂದ ಜೋತುಬಿದ್ದಿತ್ತು. ಸೆಟ್ ಟಾಪ್ ಬಾಕ್ಸಿನ ಪಿನ್ ತೆಗೆದು ಕನ್ವರ್ಟರಿನ ಪಿನ್ ಹಾಕಿದರೆ ಆಯಿತು. ಹೊಸ ಮಾಡ್ಯುಲೇಟರ್ ಕೊಳ್ಳುವವರು ನಮ್ಮ ದೇಶದ ಪದ್ಧತಿಯಾದ ಪಾಲ್ ಬಿ/ಜಿ ಅಂತ ಕೇಳಿ ತಗೊಳ್ಳಿ. ಬೇರೆ ದೇಶದ್ದಾದರೆ ಚಿತ್ರ ಬಂದು ಧ್ವನಿ ಬರದೇ ಇರಬಹುದು.

ಹೊಸ ಕನ್ವರ್ಟರ್ ತಂದು ಹಾಗೇ ಮಾಡಿದ್ದೇನೆ. ಚಿತ್ರ ಸ್ವಲ್ಪ ಮಸುಕು, ಮೆನುವಿನ ಸಣ್ಣ ಅಕ್ಷರ ಓದಲು ಆಗುವುದಿಲ್ಲ, ಧ್ವನಿ ಮೋನೋ. ಕಛೇರಿಗೆ ಅಷ್ಟು ಸಾಕು. ಪಿನ್ ಬದಲಿಸುವ ಕೆಲಸ ಈಗ ಅಪ್ಪನದೇ. ಬಳೆಗೆ ಟೆಸ್ಟರ್ ಮುಟ್ಟಿಸಿ, ಹೊತ್ತಲಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಕೈ ಹಾಕುತ್ತಾರೆ. ಕಾಲಲ್ಲಿ ಮಾತ್ರ ಚಪ್ಪಲಿ ಇರುತ್ತದೆ, ಮನೆಯೊಳಗೇ. ಅಮ್ಮನಿಗೆ ಅದೊಂದು ಸಿಟ್ಟು.