ಚುಕ್ಕಿ ಹೋಯ್ತು ಅಂತ ಔಷಧಿ ನಿಲ್ಲಿಸಬೇಡಿ

ದಾವಣಗೆರೆಯಲ್ಲಿ ಮನೆಯಲ್ಲಿ ಮೀನು ಸಾಕುವವರು ಇದನ್ನು ಓದಿ. ಮೀನಿಗೆ ಬಿಳಿ ಚುಕ್ಕಿ ರೋಗ ಬಂದು ಔಷಧಿ ಹಾಕುತ್ತಿರುವಾಗ "ಚುಕ್ಕಿ ಹೋಯ್ತಲ್ರೀ, ವಾಸಿ ಆತು" ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ಆ ಮಾತಿನಿಂದ ನಮ್ಮ ಟ್ಯಾಂಕ್ ಖಾಲಿಯಾಯಿತು.

ಡಿಸೆಂಬರ್ ಚಳಿಯಲ್ಲಿ ಪೇಟೆಯ ಅಂಗಡಿಯೊಂದರಿಂದ ಕಪ್ಪು ಮೋಲಿ ಮೀನು ತಂದಿದ್ದೆವು. ಕಪ್ಪು ಮೈ ಆದ್ದರಿಂದ ಬೇಗ ಕಣ್ಣಿಗೆ ಬಿತ್ತು. ಬಾಲದ ಅಂಚಿಗೆ ಸಣ್ಣ ರವೆ ಅಂಟಿದ ಹಾಗೆ ಬಿಳಿ ಚುಕ್ಕಿ. ರೆಕ್ಕೆ ಮುದುರಿಕೊಂಡು ಕಲ್ಲಿಗೆ ಮೈ ಉಜ್ಜುತ್ತಿತ್ತು. ಅಂಗಡಿಯಲ್ಲಿ ಕೇಳಿದ್ದಕ್ಕೆ ನೀಲಿ ಔಷಧಿ ಕೊಟ್ಟರು. ಕೆಲವು ದಿನಕ್ಕೆ ಮೈ ಸ್ವಚ್ಛ. "ಇನ್ನ ನಿಲ್ಲಿಸ್ರಿ. ಏಂಜೆಲ್ ಮೀನು ಹೊಸವು ಬಂದಾವ, ನೋಡ್ರಿ" ಅಂತ ಅಲ್ಲೇ ವ್ಯಾಪಾರವನ್ನೂ ಮುಗಿಸಿದರು. ಮುಂದಿನ ವಾರ ಹೊಸದು ಹಳೆಯದು ಅನ್ನದೆ ಎಲ್ಲದಕ್ಕೂ ಚುಕ್ಕಿ. ಕಿವಿರಿಗೂ ಹತ್ತಿತ್ತು ಅಂತ ಕಾಣುತ್ತೆ, ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಉಳಿದಿದ್ದು ಟ್ಯಾಂಕಿನ ಸಿಲಿಕಾನ್ ಅಂಟಿಗೆ ಹತ್ತಿದ ನೀಲಿ ಬಣ್ಣ ಮಾತ್ರ.

ಈ ರೋಗಕ್ಕೆ ಮೀನು ಸಾಕುವವರು ಇಕ್ ಅನ್ನುತ್ತಾರೆ. ಚುಕ್ಕಿಯ ಒಳಗೆ ಕೂತಿರುವುದು ಒಂದೇ ಜೀವಕೋಶದ ಪರಾವಲಂಬಿ. ಅದು ಚರ್ಮದೊಳಗೆ ಇರುವಷ್ಟು ದಿನ ನೀರಿಗೆ ಹಾಕಿದ ಔಷಧಿ ತಾಗುವುದಿಲ್ಲ. ಬಲಿತ ಮೇಲೆ ತಾನೇ ಉದುರುತ್ತದೆ, ತಳದ ಕಲ್ಲಿಗೆ ಅಂಟಿಕೊಂಡು ಒಡೆದು ನೂರಾರು ಮರಿಯಾಗುತ್ತದೆ. ಈ ಮರಿಗಳು ಮೀನು ಹುಡುಕುತ್ತಾ ನೀರಲ್ಲಿ ಈಜುವಾಗ ಮಾತ್ರ ಔಷಧಿಗೆ ಸಾಯುತ್ತವೆ. ಅಂದರೆ ಚುಕ್ಕಿ ಉದುರಿದ ಮೇಲೇ ಔಷಧಿಗೆ ಕೆಲಸ ಜಾಸ್ತಿ, ಅಲ್ವಾ? ನೀರು 25 ಡಿಗ್ರಿ ಇದ್ದರೆ ಈ ಸುತ್ತು ಸುಮಾರು ಒಂದು ವಾರದಲ್ಲಿ ಮುಗಿಯುತ್ತದೆ. ನೀರು ತಣ್ಣಗಾದಷ್ಟೂ ಎಳೆಯುತ್ತದೆ. ಹೀಟರ್ ಇಲ್ಲದ ಟ್ಯಾಂಕಿಗೆ ನಮ್ಮೂರಿನ ಚಳಿಗಾಲದ ರಾತ್ರಿ ಸಾಕು.

ಹಾಗಾಗಿ ಕೊನೆಯ ಚುಕ್ಕಿ ಹೋದ ಮೇಲೂ ಒಂದು ವಾರ ಔಷಧಿ ಮುಂದುವರಿಸಿ, ನೀರು ತಣ್ಣಗಿದ್ದರೆ ಇನ್ನೂ ಜಾಸ್ತಿ. ಹೀಟರ್ ಇದ್ದರೆ ನಿಧಾನವಾಗಿ 28–30 ಡಿಗ್ರಿಗೆ ಏರಿಸಿ, ಆದರೆ ಏರ್ ಪಂಪ್ ಜೋರಾಗಿ ಓಡಲಿ. ಬೆಚ್ಚನೆ ನೀರಲ್ಲಿ ಆಮ್ಲಜನಕ ಕಡಿಮೆ. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ತೆಗೆದುಬಿಡಿ, ಔಷಧಿಯನ್ನೆಲ್ಲ ಹೀರಿಕೊಳ್ಳುತ್ತದೆ. ಕ್ಯಾಟ್‌ಫಿಶ್, ಲೋಚ್ ಮೀನು ಇದ್ದವರು ಮಲಕೈಟ್ ಗ್ರೀನ್ ಅನ್ನುವ ಇಕ್ ಔಷಧಿ ಹಾಕುವ ಮೊದಲು ಬಾಟಲಿ ಮೇಲಿನ ಅಳತೆ ಸರಿಯಾಗಿ ಓದಿ, ಅವಕ್ಕೆ ಅದು ಬೇಗ ವಿಷವಾಗುತ್ತದೆ.

ಕೊಳ್ಳುವಾಗ ನಿಮಗೆ ಬೇಕಾದ ಮೀನೊಂದನ್ನೇ ನೋಡಬೇಡಿ, ಪಕ್ಕದ ತೊಟ್ಟಿಗಳನ್ನೂ ನೋಡಿ. ಒಂದೇ ಒದ್ದೆ ಬಲೆ ಎಲ್ಲ ತೊಟ್ಟಿಗೂ ಇಳಿಯುತ್ತಿದ್ದರೆ ಸುಮ್ನೆ ವಾಪಸ್ ಬನ್ನಿ. ಹೊಸ ಮೀನನ್ನು ಎರಡರಿಂದ ನಾಲ್ಕು ವಾರ ಬೇರೆ ಟಬ್ಬಿನಲ್ಲಿಡಿ. ಅಂಗಡಿಯ ಕವರಿನ ನೀರನ್ನಂತೂ ಟ್ಯಾಂಕಿಗೆ ಸುರಿಯಲೇಬೇಡಿ.