ಮೂರು ಬೇಸಿಗೆ ದಾಟಿದ ಹನಿ ನೀರಾವರಿ ಕಿಟ್

ನಲವತ್ತು ಕುಂಡಗಳಿಗೆ ಮೂರು ವರ್ಷ ನೀರುಣಿಸಿದ ಈ ಕಿಟ್‌ನಲ್ಲಿ ಪೈಪು ಗಟ್ಟಿ, ಟೈಮರ್ ಸರಿ. ಕೈಕೊಡುವುದು ಕುಂಡಕ್ಕೆ ಹನಿಹನಿಯಾಗಿ ನೀರು ಬಿಡುವ, ಬೆರಳ ತುದಿಯಷ್ಟಿರುವ ಡ್ರಿಪ್ಪರ್. ಮೊದಲ ವರ್ಷ ದೂರಿರಲಿಲ್ಲ, ಎರಡನೇ ಬೇಸಿಗೆಗೆ ಮೂರರಲ್ಲೊಂದು ಕಟ್ಟಿಕೊಂಡಿತ್ತು. ಮೇಲುನೋಟಕ್ಕೆ ತಿಳಿಯುವುದೂ ಇಲ್ಲ: ಹನಿ ಬೀಳುವ ಜಾಗ ಅಂಗೈಯಗಲ ಒದ್ದೆಯಾಗಿಯೇ ಇರುತ್ತದೆ, ಎರಡು ಇಂಚು ಕೆಳಗೆ ಮಣ್ಣು ಪುಡಿಪುಡಿ. ಹೀರೆ, ಹಾಗಲದ ಎಲೆ ಮಧ್ಯಾಹ್ನ ಜೋಲುವುದು ಸಹಜ. ಮರುದಿನ ಬೆಳಿಗ್ಗೆಯೂ ಜೋತೇ ಇದ್ದರೆ ಮಣ್ಣಿಗೆ ಬೆರಳಿಳಿಸಿ ನೋಡಿ. ಒಣಗಿದ್ದರೆ ಡ್ರಿಪ್ಪರ್ ಕೀಳಿ.

ಒಳಗೆ ಬಿಳಿ ಹರಳು ಕಂಡರೆ ಅದು ಗಡಸು ನೀರಿನ ಸುಣ್ಣ. ನೀರು ನಿಂತ ಮೇಲೆ ರಂಧ್ರದಲ್ಲಿ ಉಳಿದ ಕೊನೆಯ ಹನಿ ಒಣಗಿದಾಗಲೆಲ್ಲ ಒಂದೊಂದು ಪದರ ಕೂರುತ್ತದೆ. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ರಾತ್ರಿಯಿಡೀ ನೆನೆಹಾಕಿದರೆ ಕರಗುತ್ತದೆ. ಸೂಜಿಯಿಂದ ಚುಚ್ಚಬೇಡಿ, ರಂಧ್ರ ಹಿಗ್ಗಿ ಆ ಕುಂಡಕ್ಕೆ ಮಾತ್ರ ನೀರು ಹೆಚ್ಚಾಗುತ್ತದೆ. ಹಸಿರು ಲೋಳೆ ಕಂಡರೆ ಪಾಚಿ. ಅದಕ್ಕೆ ಕಾರಣ ಕಿಟ್ ಜೊತೆ ಬರುವ ಪಾರದರ್ಶಕ 4 ಮಿ.ಮೀ. ಟ್ಯೂಬ್. ಬಿಸಿಲಲ್ಲಿ ಕೂರುವ ವಸ್ತುವಿಗೆ ಬೆಳಕು ತೂರುವ ಟ್ಯೂಬ್ ಕೊಟ್ಟಿದ್ದು ತಯಾರಕರ ತಪ್ಪೇ. ಕಪ್ಪು ಟ್ಯೂಬ್ ಹಾಕಿದ ಮೇಲೆ ಪಾಚಿಯ ಕಾಟ ತಪ್ಪಿತು. ಬದಲಿಸುವಾಗ ಟ್ಯೂಬಿನ ತುದಿಯನ್ನು ಅರ್ಧ ನಿಮಿಷ ಬಿಸಿನೀರಿನಲ್ಲಿ ಅದ್ದಿದರೆ ಮೆತ್ತಗಾಗಿ ಸಲೀಸಾಗಿ ಕೂರುತ್ತದೆ.

ಕಿಟ್‌ನ ಡ್ರಿಪ್ಪರ್‌ಗಳನ್ನು ಬಿಚ್ಚಿ ಒಳಗೆ ಉಜ್ಜಲಾಗದು, ಅದೇ ದೊಡ್ಡ ಕೊರತೆ. ತಿರುಗಿಸಿ ಬಿಚ್ಚುವಂಥವು ಬಿಡಿಯಾಗಿ ಸಿಗುತ್ತವೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಎರಡು ಸಲ ಉಜ್ಜಿದರೆ ಸಾಕು. ಅವನ್ನು ಹಾಕಿದ ಮೇಲೆ ಈ ಕಿಟ್ ಬಗ್ಗೆ ಅಭಿಪ್ರಾಯವೇ ಬದಲಾಯಿತು. ಜೊತೆಗೆ 120 ಮೆಷ್ ಫಿಲ್ಟರ್ (ಇಂಚಿಗೆ 120 ಕಣ್ಣಿರುವ ಜಾಲರಿ) ಇರಲೇಬೇಕು. ಗೊಬ್ಬರದ ತಿಳಿಯನ್ನು ಎಷ್ಟು ಸೋಸಿದರೂ ಪೈಪಿಗೆ ಬಿಡಬೇಡಿ, ಕೈಯಲ್ಲೇ ಹಾಕಿ.

ಡಬ್ಬದ ಮೇಲೆ ಗಂಟೆಗೆ 2 ಲೀಟರ್ ಎಂದಿರುವುದು 1 ಬಾರ್ ಒತ್ತಡದ ಲೆಕ್ಕ, ಅಂದರೆ ಟ್ಯಾಂಕಿನ ನೀರು ಸುಮಾರು 10 ಮೀಟರ್ ಎತ್ತರದಲ್ಲಿದ್ದಾಗ. ಎರಡೂವರೆ ಮೀಟರ್ ಎತ್ತರದಿಂದ ಬರುವುದು ಅದರರ್ಧ. ಟೈಮರ್‌ನಲ್ಲಿ ಹೊತ್ತು ದುಪ್ಪಟ್ಟು ಮಾಡಿದರೆ ಸರಿಹೋಗುತ್ತದೆ.

ಈಗ ವಾರಕ್ಕೊಮ್ಮೆ ಬೆಳಗಿನ ಹತ್ತು ನಿಮಿಷ ಸಾಕು. ಮೊದಲು ಪೈಪಿನ ಕೊನೆಯ ಮುಚ್ಚಳ ತೆಗೆಯುವುದು. ಕಂದು ನೀರು ಬುಳಕ್ಕನೆ ಬಂದು, ತಿಳಿಯಾಗುತ್ತಾ ಹೋಗುತ್ತದೆ. ಆಮೇಲೆ ಸಾಲಿನ ಮೊದಲ, ನಡುವಿನ, ಕೊನೆಯ ಡ್ರಿಪ್ಪರ್ ಕೆಳಗೆ ಒಂದೇ ಅಳತೆಯ ಮೂರು ಲೋಟ ಇಟ್ಟು ಕಾಲು ಗಂಟೆ ಬಿಡುವುದು. ಕೊನೆಯ ಲೋಟ ಮಾತ್ರ ಕಡಿಮೆಯಿದ್ದರೆ ಪೈಪು ಉದ್ದವಾಯಿತು, ಎಲ್ಲೋ ಸೋರುತ್ತಿದೆ ಅಥವಾ ಆ ಡ್ರಿಪ್ಪರೇ ಕಟ್ಟಿದೆ. ನಡುವಿನದು ಮಾತ್ರ ಕಡಿಮೆಯಿದ್ದರೆ ಆ ಡ್ರಿಪ್ಪರ್ ಕಟ್ಟಿದೆ.

ನಿರೀಕ್ಷಿಸದೇ ಸಿಕ್ಕ ಖುಷಿಯೆಂದರೆ ಟೊಮೆಟೊ. ಹಣ್ಣಿನ ತಳ ಕಪ್ಪಾಗಿ ಕುಳಿಬೀಳುವುದು ಬಹುಪಾಲು ನಿಂತಿದೆ. ಒಂದು ದಿನ ಒಣಗಿ ಮರುದಿನ ತೊಯ್ದರೆ ಬೇರಿನಿಂದ ಕಾಯಿಗೆ ಕ್ಯಾಲ್ಸಿಯಂ ಸರಿಯಾಗಿ ಹೋಗುವುದಿಲ್ಲ. ಹದವಾಗಿ ಹನಿದರೆ ಹೋಗುತ್ತದೆ. ಗುಲಾಬಿ ಎಲೆಗೆ ನೀರು ತಾಗದ ಕಾರಣ ಕಪ್ಪು ಚುಕ್ಕೆಯೂ ಕಡಿಮೆ.

ಹತ್ತು ಕುಂಡಗಳೊಳಗೆ ಇರುವವರಿಗೆ ಈ ಖರ್ಚು ದಂಡ, ಚೊಂಬೇ ಸಾಕು. ಹೆಚ್ಚಿದ್ದರೆ ಕಿಟ್ ಬದಲು ಬಿಡಿ ಭಾಗಗಳನ್ನೇ ಕೊಳ್ಳಿ: ಕಪ್ಪು ಟ್ಯೂಬ್, ಬಿಚ್ಚುವ ಡ್ರಿಪ್ಪರ್, ಫಿಲ್ಟರ್. ಊರಿಗೆ ಹೊರಡುವ ಮುನ್ನ ಟೈಮರ್‌ಗೆ ಹೊಸ ಬ್ಯಾಟರಿ ಹಾಕಿ. ವಾಲ್ವ್ ತೆರೆದಿರುವಾಗ ಬ್ಯಾಟರಿ ಮುಗಿದರೆ ಟ್ಯಾಂಕ್ ಖಾಲಿಯಾಗುವವರೆಗೂ ಹರಿಯುತ್ತಲೇ ಇರಬಹುದು.