ಫೋನ್ ‘ಸೆಂಟ್’ ಅಂತ ತೋರಿಸಿದ ಮಾತ್ರಕ್ಕೆ ಮೇಲ್ ಹೋಯಿತು ಅಂದುಕೊಳ್ಳಬೇಡಿ

ಪೀಣ್ಯದ ಒಂದು ಚಿಕ್ಕ ಕಾರ್ಖಾನೆಯ ಮೇಲ್ ಸರ್ವರ್ ನೋಡಿಕೊಳ್ಳುವುದು ನಾನು. ಬಾಡಿಗೆ ಜಾಸ್ತಿ ಆಯಿತು ಅಂತ ಒಂದು ಶುಕ್ರವಾರ ಸಂಜೆ ಎಲ್ಲವನ್ನೂ ಅಗ್ಗದ ಬೇರೊಂದು ಕಂಪನಿಯ ವಿಪಿಎಸ್‌ಗೆ (ಬಾಡಿಗೆಗೆ ಸಿಗುವ ವರ್ಚುವಲ್ ಸರ್ವರ್) ಸಾಗಿಸಿದೆ. ನನ್ನ ಐಡಿಯಿಂದ ಅಕೌಂಟ್ಸ್ ಮೇಡಂ ಐಡಿಗೆ ಮೇಲ್ ಹಾಕಿದೆ, ಹೋಯಿತು. ಜಿಮೇಲ್‌ನಿಂದ ನಮ್ಮ ಐಡಿಗೆ ಹಾಕಿದೆ, ಬಂತು. ಕೆಲಸ ಮುಗೀತು ಅಂತ ಮನೆಗೆ ಹೊರಟೆ. ನಮ್ಮಲ್ಲಿಂದ ಹೊರಗೆ ಒಂದಾದರೂ ಕಳಿಸಿ ನೋಡಲಿಲ್ಲ.

ಬುಧವಾರ ಬೆಳಿಗ್ಗೆ ಯಜಮಾನರ ಫೋನ್. “ಏನಪ್ಪಾ, ಸೋಮವಾರವೇ ಕೊಯಮತ್ತೂರಿಗೆ ಕೊಟೇಶನ್ ಕಳಿಸಿದ್ದೀವಿ, ಅವರು ಬಂದೇ ಇಲ್ಲ ಅಂತಾರಲ್ಲ?”

ಸ್ಪ್ಯಾಮ್‌ನಲ್ಲಿ ನೋಡೋಕೆ ಹೇಳಿ ಸರ್ ಅಂದೆ. ಆಮೇಲೆ ಯಾಕೋ ಅನುಮಾನ ಬಂದು ಸರ್ವರ್‌ನಲ್ಲಿ ಮೇಲ್‌ಕ್ಯೂ ಕಮಾಂಡ್ ಕೊಟ್ಟೆ, ಇನ್ನೂ ಹೋಗದೆ ಉಳಿದ ಮೇಲ್‌ಗಳ ಪಟ್ಟಿ (ಕ್ಯೂ) ತೋರಿಸುವುದು ಅದು. 64 ಮೇಲ್‌ಗಳು ಸಾಲಾಗಿ ಕೂತಿದ್ದವು. ಪ್ರತಿಯೊಂದರ ಕೆಳಗೂ ಅದೇ ಸಾಲು: ‘ಕನೆಕ್ಷನ್ ಟೈಮ್ಡ್ ಔಟ್’.

ಫೈರ್‌ವಾಲ್, ಡಿಎನ್‌ಎಸ್ (ಹೆಸರಿನಿಂದ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಅಂತ ಅರ್ಧ ದಿನ ಸುಮ್ನೆ ಒದ್ದಾಡಿದೆ. ಉತ್ತರ ಆ ಸಾಲಿನಲ್ಲೇ ಇತ್ತು. ‘ರಿಫ್ಯೂಸ್ಡ್’ ಅಂತ ಬಂದಿದ್ದರೆ ಆ ಕಡೆಯಿಂದ ಯಾರೋ ಬೇಡ ಅಂದರು ಅಂತ. ‘ಟೈಮ್ಡ್ ಔಟ್’ ಅಂದರೆ ಉತ್ತರವೇ ಇಲ್ಲ, ಪ್ಯಾಕೆಟ್ ದಾರಿಯಲ್ಲೇ ಮಾಯ. ಅದೂ ಜಿಮೇಲ್, ಔಟ್‌ಲುಕ್, ಕೊಯಮತ್ತೂರಿನವರ ಸರ್ವರ್ ಮೂರಕ್ಕೂ ಒಟ್ಟಿಗೇ ಹೀಗಾದರೆ ತೊಂದರೆ ನಮ್ಮ ಮನೆಯಲ್ಲೇ ಅಲ್ವಾ? ಯಾವ ಪೋರ್ಟ್ (ಸರ್ವರ್‌ನ ನಂಬರ್ ಹಾಕಿದ ಬಾಗಿಲು) ಸಿಗುತ್ತದೆ ಅಂತ ಟೆಲ್ನೆಟ್ ಕಮಾಂಡ್ ಹಾಕಿ ನೋಡಿದೆ. ಹೊರಗಿನ ಸರ್ವರ್‌ಗಳ ಪೋರ್ಟ್ 587 (ಲಾಗಿನ್ ಆಗಿ ಮೇಲ್ ಕೊಡುವುದು ಇಲ್ಲಿ) ತಕ್ಷಣ ಸಿಕ್ಕಿತು, 25 ಮಾತ್ರ ಸುತ್ತುತ್ತಲೇ ಇತ್ತು. ಸ್ಪ್ಯಾಮ್ ತಡೆಯೋಕೆ ಅಂತ ಹೊಸ ಕಂಪನಿ ಹೊರಹೋಗುವ ಪೋರ್ಟ್ 25 ಮುಚ್ಚಿಟ್ಟಿತ್ತು. ಒಂದು ಸರ್ವರ್ ಇನ್ನೊಂದಕ್ಕೆ ಮೇಲ್ ಒಪ್ಪಿಸುವುದೇ ಆ ಪೋರ್ಟ್‌ನಲ್ಲಿ. ಒಳಬರುವ 25 ತೆರೆದೇ ಇತ್ತು, ಹಾಗಾಗಿ ಶುಕ್ರವಾರ ಎಲ್ಲ ಸರಿಯಾಗಿ ಕಂಡಿತು.

ಯಾರಿಗೂ ಯಾಕೆ ಗೊತ್ತಾಗಲಿಲ್ಲ ಅಂದರೆ, ಫೋನ್‌ನ ‘ಸೆಂಟ್’ ಹೇಳುವುದು ಮೇಲ್ ನಮ್ಮ ಸರ್ವರ್‌ಗೆ ತಲುಪಿತು ಅಂತ ಮಾತ್ರ. ಮುಂದಿನದು ಸರ್ವರ್‌ನಲ್ಲಿ ಮೇಲ್ ಸಾಗಿಸುವ ಸಾಫ್ಟ್‌ವೇರ್ ಪೋಸ್ಟ್‌ಫಿಕ್ಸ್‌ನ ಪಾಡು. ಅದು 5 ದಿನ ಪ್ರಯತ್ನ ಮಾಡುತ್ತಲೇ ಇರುತ್ತದೆ, ಆಮೇಲೆ ವಾಪಸ್ ಕಳಿಸುತ್ತದೆ. ನಡುವೆ ‘ತಡವಾಗಿದೆ’ ಅಂತ ಹೇಳುವ ಸೆಟ್ಟಿಂಗ್ ಒಂದಿದೆ, ಡಿಲೇ ವಾರ್ನಿಂಗ್ ಟೈಮ್. ಬಂದಹಾಗೇ ಬಿಟ್ಟರೆ ಅದು ಸೊನ್ನೆ, ಅಂದರೆ ಬಂದ್. ನಾನೀಗ 4 ಗಂಟೆ ಇಟ್ಟಿದ್ದೇನೆ. ನೀವೂ ಇವತ್ತೇ ಇಡಿ.

ಇಷ್ಟಕ್ಕೇ ಮುಗಿಯಲಿಲ್ಲ. ಕಂಪನಿಗೆ ಟಿಕೆಟ್ (ಮನವಿ) ಹಾಕಿ ಕಾದ ಮೇಲೆ ಗುರುವಾರ 25 ತೆರೆದರು. ಖುಷಿಯಲ್ಲಿ ಇಡೀ ಕ್ಯೂ ಒಂದೇ ಸಲ ತಳ್ಳಿಬಿಟ್ಟೆ. ಹೊಸ ಐಪಿಗೆ ರಿವರ್ಸ್ ಡಿಎನ್‌ಎಸ್ (ಐಪಿಯಿಂದ ಹೆಸರು ತಿಳಿಸುವ ದಾಖಲೆ) ಇರಲಿಲ್ಲ, ಎಸ್‌ಪಿಎಫ್‌ನಲ್ಲಿ (ನಮ್ಮ ಹೆಸರಲ್ಲಿ ಯಾವ ಐಪಿ ಮೇಲ್ ಕಳಿಸಬಹುದು ಅಂತ ಹೇಳುವ ದಾಖಲೆ) ಇನ್ನೂ ಹಳೇ ಐಪಿಯೇ ಇತ್ತು. ಜಿಮೇಲ್‌ಗೆ ಹೊರಟದ್ದೆಲ್ಲ 550 ಎರರ್ ಅಂತ ಮುಖಕ್ಕೆ ವಾಪಸ್. 4ರಿಂದ ಶುರುವಾಗುವ ಎರರ್ ಆಗಿದ್ದರೆ ಸರ್ವರ್ ಮತ್ತೆ ಪ್ರಯತ್ನಿಸುತ್ತದೆ, 5 ಅಂದರೆ ಅಲ್ಲಿಗೇ ಮುಗೀತು. ಎಲ್ಲರಿಗೂ ಇನ್ನೊಮ್ಮೆ ಕೈಯಾರೆ ಕಳಿಸಿದ್ದಾಯಿತು. ಮೊದಲು ಒಂದೇ ಒಂದು ಮೇಲ್ ಬಿಟ್ಟು ನೋಡಿದ್ದರೆ ಈ ಪಾಡು ಇರಲಿಲ್ಲ.

ವಿಪಿಎಸ್‌ಗೆ ದುಡ್ಡು ಕಟ್ಟುವ ಮುಂಚೆ ಎರಡು ಮಾತು ಕೇಳಿ: ಹೊರಹೋಗುವ 25 ತೆರೆದುಕೊಡುತ್ತೀರಾ, ರಿವರ್ಸ್ ಡಿಎನ್‌ಎಸ್ ನಾವೇ ಹಾಕಬಹುದಾ? ಆಗಲ್ಲ ಅಂದರೆ 587ರಲ್ಲಿ ಕೆಲಸ ಮಾಡುವ ರಿಲೇ ಸೇವೆಯೊಂದನ್ನು (ನಮ್ಮ ಮೇಲ್ ತೆಗೆದುಕೊಂಡು ಮುಂದಕ್ಕೆ ತಲುಪಿಸುವವರು) ಹಿಡಿಯಬೇಕು, ಅದರ ಖರ್ಚೂ ಲೆಕ್ಕಕ್ಕಿರಲಿ.

ಕೊಯಮತ್ತೂರಿನ ಆರ್ಡರ್ ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ಈಗ ಯಜಮಾನರು ಪ್ರತಿ ಕೊಟೇಶನ್ ಕಳಿಸಿದ ಮೇಲೂ ಫೋನ್ ಮಾಡಿ “ಮೇಲ್ ಬಂತಾ?” ಅಂತ ಕೇಳುತ್ತಾರೆ. ಬೇಡ ಸರ್ ಅನ್ನೋ ಧೈರ್ಯ ನನಗಿಲ್ಲ.